ಸೀಟು ಕೊಟ್ಟರು, ಮೆಟ್ಟಿಲು ತೆಗೆಯಲಿಲ್ಲ



ನನ್ನ ಪ್ರೆಸ್ಸಿನಲ್ಲಿ ಡಿಟಿಪಿ ಮಾಡುವ ಹುಡುಗನೊಬ್ಬನಿದ್ದಾನೆ. ಹುಟ್ಟಿನಿಂದಲೇ ಕಾಲುಗಳಲ್ಲಿ ಸ್ವಾಧೀನವಿಲ್ಲ, ಎರಡು ಊರುಗೋಲಿನ ಮೇಲೆ ನಡೆಯುತ್ತಾನೆ. ಒಂದು ಒತ್ತಕ್ಷರವೂ ತಪ್ಪದ ಕೈ. ಆದರೆ ಹತ್ತರ ಕೆಲಸಕ್ಕೆ ಹನ್ನೊಂದಕ್ಕೆ ಬರುತ್ತಾನೆ. ಮೊದಮೊದಲು ನಾನೂ ರೇಗಿದೆ. ಒಂದು ಸಂಜೆ ಮೆಷಿನ್ ಕೆಟ್ಟು ಬೇಗ ಶಟರ್ ಎಳೆದು, ಅವನ ಜೊತೆ ಬಸ್‌ಸ್ಟಾಪಿನಲ್ಲಿ ನಿಂತೆ. ಆಗ ಗೊತ್ತಾಯಿತು.

ಮೊದಲ ಬಸ್ಸು ಸ್ಟಾಪು ದಾಟಿ ಇಪ್ಪತ್ತು ಮಾರು ಮುಂದೆ ನಿಂತಿತು. ಇವನು ಹತ್ತು ಹೆಜ್ಜೆ ಹಾಕುವಷ್ಟರಲ್ಲಿ ರೈಟ್ ರೈಟ್! ಎರಡನೆಯದು ನಿಲ್ಲಲೇ ಇಲ್ಲ. ಮೂರನೆಯದು ನಿಂತಿತು, ನಡುರಸ್ತೆಯಲ್ಲಿ. ಚರಂಡಿ ಚಪ್ಪಡಿ ದಾಟಿ, ಮೊಣಕಾಲೆತ್ತರದ ಮೆಟ್ಟಿಲನ್ನು ಅವನು ಏರುವುದನ್ನು ಒಳಗಿದ್ದವರೆಲ್ಲ ಸಿನಿಮಾ ನೋಡಿದ ಹಾಗೆ ನೋಡಿದರು. ವಿಕಲಚೇತನರಿಗೆ ಎಂದು ಬರೆದ ಸೀಟಿನಲ್ಲಿ ಗಟ್ಟಿಮುಟ್ಟಾದ ತರುಣನೊಬ್ಬ ಮೊಬೈಲ್ ತೀಡುತ್ತಾ ಕೂತಿದ್ದ. ಅವನು ನೀವಲ್ಲ ತಾನೆ?

ಕಾನೂನಿಗೇನೂ ಬರವಿಲ್ಲ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಶೇಕಡಾ 40 ಅಥವಾ ಹೆಚ್ಚು ವೈಕಲ್ಯವಿರುವವರಿಗೆ ಸರ್ಕಾರಿ, ಅನುದಾನಿತ ಉನ್ನತ ಶಿಕ್ಷಣ ಸಂಸ್ಥೆಗಳಲ್ಲಿ ಕನಿಷ್ಠ ಶೇಕಡಾ 5 ಸೀಟು, ಸರ್ಕಾರಿ ಕೆಲಸದಲ್ಲಿ ಕನಿಷ್ಠ ಶೇಕಡಾ 4 ಹುದ್ದೆ ಮೀಸಲಿಟ್ಟಿದೆ. ಸಂತೋಷ. ಆ ಕಾಲೇಜಿಗೆ ಹೋಗುವುದು ಹೇಗೆ ಸ್ವಾಮಿ? ಅದೇ ಕಾಯ್ದೆಯ 41ನೇ ಕಲಮು ಬಸ್ ನಿಲ್ದಾಣ, ರೈಲು ನಿಲ್ದಾಣ, ವಾಹನ ಎಲ್ಲವೂ ಇವರಿಗೆ ಅನುಕೂಲವಾಗಿರಬೇಕು ಎನ್ನುತ್ತದೆ. ಅನುಕೂಲತೆಯ ಮಾನದಂಡಗಳು ಬರೀ ಸಲಹೆಯಾಗಿ ಉಳಿಯುವಂತಿಲ್ಲ, ಕಡ್ಡಾಯ ನಿಯಮ ಮಾಡಿ ಎಂದು ಸುಪ್ರೀಂ ಕೋರ್ಟು 2024ರ ನವೆಂಬರಿನಲ್ಲಿ ಕೇಂದ್ರಕ್ಕೆ ಹೇಳಿತು.

ತಳ ತಗ್ಗಾದ ಬಸ್ಸುಗಳಿವೆ. ನೆಲದಿಂದ 400 ಮಿಲಿಮೀಟರ್ ಎತ್ತರ, ಬಾಗಿಲಲ್ಲಿ ಮಡಿಸುವ ಹಲಗೆ. ಫುಟ್‌ಪಾತಿಗೆ ಒತ್ತಿ ನಿಲ್ಲಿಸಿದರೆ ಗಾಲಿಕುರ್ಚಿ ಸಲೀಸಾಗಿ ಒಳಗೆ. ನಡುರಸ್ತೆಯಲ್ಲಿ ನಿಲ್ಲಿಸಿದರೆ ಅದೇ ಹಲಗೆ ಜಾರುಬಂಡೆ! 2011ರಲ್ಲಿ ಬಂದ ನಮ್ಮ ಮೆಟ್ರೋದಲ್ಲಿ ಲಿಫ್ಟಿದೆ, ಒಪ್ಪೋಣ. ಲಿಫ್ಟಿನ ತನಕ ಹೋಗುವ ಫುಟ್‌ಪಾತಿನಲ್ಲಿ ಟ್ರಾನ್ಸ್‌ಫಾರ್ಮರ್, ಬೈಕು, ಮರಳಿನ ಗುಡ್ಡೆ. ಬೈಕು ನಮ್ಮದೇ.

ಇನ್ನೊಂದು ಮಾತು. ಬೋರ್ಡಿನಲ್ಲಿ ಕನ್ನಡವಿರಲಿ ಎಂದು ಬೀದಿಗಿಳಿದವರು ನಾವು. ಕಣ್ಣು ಕಾಣದ ಕನ್ನಡದ ಹುಡುಗಿಗೆ ಬೋರ್ಡು ಯಾವ ಭಾಷೆಯಲ್ಲಿದ್ದರೇನು? ಅವಳಿಗೆ ಕಿವಿಗೆ ಬೀಳುವ ಕನ್ನಡ ಬೇಕು. ಇದು ಯಾವ ನಂಬರಿನ ಬಸ್ಸು, ಮುಂದಿನ ನಿಲ್ದಾಣ ಯಾವುದು, ಅಷ್ಟೇ. ಧ್ವನಿಪೆಟ್ಟಿಗೆ ಕೆಟ್ಟಿದ್ದರೆ ಕಂಡಕ್ಟರ್ ಕೂಗಲಿ. ಇದಕ್ಕೂ ನಾವೇ ದನಿ ಎತ್ತಬೇಡವೇ?

ನಿಮ್ಮ ಸ್ಟಾಪಿನಲ್ಲಿ ಒಂದು ಗಂಟೆ ನಿಂತು ನೋಡಿ. ಎಷ್ಟು ಬಸ್ಸು ಫುಟ್‌ಪಾತಿಗೆ ಬಂದವು, ಎಷ್ಟರಲ್ಲಿ ಹಲಗೆ ಬಿಚ್ಚಿತು, ಬಸ್ಸಿನ ನಂಬರು ಸಮೇತ ಬರೆದುಕೊಳ್ಳಿ. ಡಿಪೋ ಮ್ಯಾನೇಜರಿಗೊಂದು, ಅಂಗವಿಕಲರ ರಾಜ್ಯ ಆಯುಕ್ತರಿಗೊಂದು ಅರ್ಜಿ ಕೊಡೋಣ. ದೂರು ವಿಚಾರಿಸಲು ಆ ಆಯುಕ್ತರಿಗೆ ಕಾಯ್ದೆಯಲ್ಲೇ ಅಧಿಕಾರವಿದೆ. ಅರ್ಜಿ ಮುದ್ರಿಸಿಕೊಡುವುದು ನನ್ನ ಜವಾಬ್ದಾರಿ, ಕಾಗದದ ದುಡ್ಡೂ ಬೇಡ. ಡಿಟಿಪಿ ಅವನೇ ಮಾಡುತ್ತಾನೆ, ಹನ್ನೊಂದಕ್ಕೆ ಬಂದ ಮೇಲೆ.