ಬ್ಯಾಟ್ರಿ ಇಲ್ಲದ ಯೆಜ್ಡಿ, ದಬ್ಬೋ ಅಪ್ಪ

"ನಿಮ್ಮಪ್ಪಾರು ಮತ್ತ ಗಾಡಿ ದಬ್ಬಾಕತ್ತಾರ ನೋಡು. ನಾ ಹೇಳಿದ್ರ ಕೇಳಂಗಿಲ್ಲ, ನೀನರ ಹೇಳು."

ಸೋಮವಾರ ಬೆಳಗ್ಗೆ ಆಫೀಸಿನ ಮೀಟಿಂಗ್ ಶುರುವಾಗೋಕೆ ಎರಡು ನಿಮಿಷ ಇರುವಾಗ ಅವ್ವನ ಫೋನ್. ನಾನು ಬೆಂಗಳೂರಲ್ಲಿ, ಅವರು ಚಚಡಿಯಲ್ಲಿ. ಅಪ್ಪನಿಗೆ 64. ಹೃದಯಕ್ಕೆ ಸ್ಟೆಂಟ್ ಹಾಕಿಸಿ ಎಂಟು ತಿಂಗಳಾಗಿತ್ತು. ಭಾರ ಎತ್ತಬೇಡಿ, ದಬ್ಬಬೇಡಿ ಅಂತ ಡಾಕ್ಟರು ಚೀಟಿಯಲ್ಲೇ ಬರೆದು ಕೊಟ್ಟಿದ್ದರು. ಆದರೂ ದಿನಾ ಮುಂಜಾನೆ 1982ರ ಯೆಜ್ಡಿಯನ್ನು ಓಣಿಯ ಇಳಿಜಾರಿನಲ್ಲಿ ದಬ್ಬಿ, ಎರಡನೇ ಗೇರಿಗೆ ಹಾಕಿ, ಕ್ಲಚ್ ಬಿಟ್ಟು, ಚಾಲೂ ಆದ ಮೇಲೆ ಹಾರಿ ಕೂತು ಹೊಲಕ್ಕೆ ಹೋಗೋದು. ಆ ಗಾಡಿ 130 ಕಿಲೋಗೂ ಹೆಚ್ಚು.

ಕಾರಣ ಇಷ್ಟೇ, ಬ್ಯಾಟ್ರಿ ಸತ್ತಿತ್ತು. ಅದು 6 ವೋಲ್ಟಿನದು. ಅಪ್ಪ ಕೇಳಿದ ಅಂಗಡಿಗಳಲ್ಲೆಲ್ಲ 12 ವೋಲ್ಟಿನವೇ ಇದ್ದವು. ಕೊನೆಗೆ ಗ್ಯಾರೇಜಿನವರೊಬ್ಬರು ಪರಿಹಾರ ಹೇಳಿದರಂತೆ: "ಬ್ಯಾಟ್ರಿ ಯಾಕ ಬೇಕ್ರಿ ಕಾಕಾ, ಕಿತ್ತೊಗೀರಿ. ಆರ್‌ಎಕ್ಸ್ ಹಂಡ್ರೆಡ್ ಬ್ಯಾಟ್ರಿ ಇಲ್ಲದ ಓಡಂಗಿಲ್ಲೇನು?"

ಓಡುತ್ತೆ. ಆದರೆ ಯೆಜ್ಡಿ ಆರ್‌ಎಕ್ಸ್ ಅಲ್ಲ. ನನಗೂ ದೀಪಾವಳಿ ರಜೆಗೆ ಊರಿಗೆ ಹೋಗಿ ಪಕ್ಕದ ಡಬ್ಬಿ ಬಿಚ್ಚಿ ನೋಡುವವರೆಗೆ ಇದು ಸರಿಯಾಗಿ ಗೊತ್ತಿರಲಿಲ್ಲ.

ಆರ್‌ಎಕ್ಸ್‌ನಲ್ಲಿ ಇಂಜಿನ್ ಜೊತೆ ತಿರುಗೋ ಚಕ್ರದಲ್ಲೇ ಅಯಸ್ಕಾಂತ ಕೂರಿಸಿರುತ್ತಾರೆ. ಕಿಕ್ ಹೊಡೆದರೆ ಅಯಸ್ಕಾಂತ ತಿರುಗುತ್ತೆ, ಒಳಗಿನ ಕಾಯಿಲ್‌ನಲ್ಲಿ ಕರೆಂಟ್ ಹುಟ್ಟುತ್ತೆ, ಅದೇ ಪ್ಲಗ್ಗಿಗೆ ಕಿಡಿಯಾಗುತ್ತೆ. ಬ್ಯಾಟ್ರಿ ಇರೋದು ಹಾರ್ನು, ಇಂಡಿಕೇಟರು, ಬ್ರೇಕ್ ಲೈಟಿಗೆ ಮಾತ್ರ. ನಮ್ಮ ಅಪ್ಪಂದಿರ ಕಾಲದ ಬಜಾಜ್ ಚೇತಕ್‌ಗಂತೂ ಬ್ಯಾಟ್ರಿ ಅನ್ನೋದೇ ಇರಲಿಲ್ಲ, ಎಲ್ಲ ಮ್ಯಾಗ್ನೆಟ್ಟಿನ ಮೇಲೆ.

ಯೆಜ್ಡಿಯ ಕಥೆ ಬೇರೆ. ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆ 1961ರಿಂದ ಜೆಕ್ ದೇಶದ ಜಾವಾ ಗಾಡಿಯನ್ನು ಇಲ್ಲಿ ಮಾಡಿತು. 1973ರ ಸುಮಾರಿಗೆ ಹೆಸರು ಯೆಜ್ಡಿ ಆಯಿತು, 1996ರಲ್ಲಿ ಬಾಗಿಲು ಮುಚ್ಚಿತು. (ಇರಾನಿನ ಯಜ್ದ್ ಊರಿಂದ ಬಂದ ಹೆಸರದು. ಮಾಲೀಕರು ಪಾರ್ಸಿಗಳು.) ನಮ್ಮ ಮನೆಯಂಥ ಹಳೇ ಮಾಡೆಲ್ಲುಗಳಲ್ಲಿ ಇರೋದು ಡೈನಮೋ. ಅದರೊಳಗೆ ಕಾಯಂ ಅಯಸ್ಕಾಂತ ಇಲ್ಲ. ಕಬ್ಬಿಣದ ಸುತ್ತ ತಂತಿ ಸುತ್ತಿ, ಅದರಲ್ಲಿ ಕರೆಂಟ್ ಹರಿದಾಗಲೇ ಅದು ಅಯಸ್ಕಾಂತ ಆಗೋದು. ಕಿಕ್ ಹೊಡೆಯುವಾಗ ಪಾಯಿಂಟು, ಕಾಯಿಲ್ಲಿಗೆ ಕರೆಂಟ್ ಕೊಡೋದು ಬ್ಯಾಟ್ರಿ. ಬ್ಯಾಟ್ರಿ ಇಲ್ಲದಿದ್ದರೆ ಹತ್ತಲ್ಲ, ನೂರು ಕಿಕ್ ಹೊಡೆದರೂ ಕಾಲು ನೋಯುತ್ತೆ ಅಷ್ಟೇ.

ಹಾಗಾದರೆ ದಬ್ಬಿದಾಗ ಹೇಗೆ ಚಾಲೂ ಆಗುತ್ತೆ? ಹಿಂದಿನ ಸಲ ಓಡಿದ್ದರ ಒಂಚೂರು ಅಯಸ್ಕಾಂತ ಶಕ್ತಿ ಕಬ್ಬಿಣದಲ್ಲಿ ಉಳಿದಿರುತ್ತೆ. ಒಗ್ಗರಣೆ ಸೌಟಿನಲ್ಲಿ ಇಂಗಿನ ವಾಸನೆ ಉಳಿಯೋ ಹಾಗೆ. ಕಿಕ್ಕಿನ ವೇಗ ಅದಕ್ಕೆ ಸಾಲದು. ಇಳಿಜಾರಿನಲ್ಲಿ ಜೋರಾಗಿ ತಿರುಗಿಸಿದರೆ ಆ ಚೂರೇ ಬೆಳೆದು ಕಿಡಿಗೆ ಸಾಕಾಗುತ್ತೆ. ಹಳೇ ಜಾವಾದ ಹೆಡ್‌ಲೈಟ್ ಮೇಲಿನ ಕೀಲಿಯಲ್ಲಿ ಇದಕ್ಕಂತಲೇ ಒಂದು ಜಾಗ ಇತ್ತು, ಬ್ಯಾಟ್ರಿ ಸತ್ತ ದಿನ ದಬ್ಬಿ ಮನೆ ಮುಟ್ಟೋಕೆ. ಒಂದು ದಿನಕ್ಕೆ ಅಂತ ಕೊಟ್ಟಿದ್ದನ್ನ ಅಪ್ಪ ದಿನಚರಿ ಮಾಡಿಕೊಂಡಿದ್ದರು. ನಮ್ಮ ಗಾಡಿಯ ಕೀಲಿ ಯಾವಾಗಲೋ ಬದಲಾಗಿದೆ. ಅದಕ್ಕೆ ಗ್ಯಾರೇಜಿನವರು ಡೈನಮೋದಿಂದ ನೇರ ಒಂದು ವೈರ್ ಎಳೆದು ಟೇಪ್ ಸುತ್ತಿ ಕೊಟ್ಟಿದ್ದರು.

ಇದರಿಂದ ಅಪ್ಪನಿಗೆ ಒಂದು ಚಟ ಅಂಟಿತ್ತು. ಬ್ಯಾಂಕಿರಲಿ, ಸೊಸೈಟಿ ಇರಲಿ, ಲಗ್ನದ ಮನೆ ಇರಲಿ, ಗಾಡಿ ನಿಲ್ಲಿಸೋದು ಇಳಿಜಾರಿಗೆ ಮುಖ ಮಾಡಿಯೇ. ಸವದತ್ತಿ ಯಲ್ಲಮ್ಮನ ಗುಡ್ಡಕ್ಕೆ ಹೋಗಿ ಬರೋದು ಅವರಿಗೆ ಬಲು ಖುಷಿ. ಭಕ್ತಿ ಎಷ್ಟೋ ಗೊತ್ತಿಲ್ಲ, ಇಳಿಜಾರಂತೂ ಧಾರಾಳ.

ನಗು ಬಂತು ನಿಜ. ಆದರೆ ಒಂದು ಸಂಜೆ ನಾನೇ ಅದನ್ನ ಹೊಲದಿಂದ ತಂದೆ. ಬ್ಯಾಟ್ರಿ ಇಲ್ಲದ ಗಾಡಿಯಲ್ಲಿ ಲೈಟು ಇಂಜಿನ್ ಹೇಳಿದಂಗೆ ಕೇಳುತ್ತೆ. ಎಕ್ಸಲೇಟರ್ ಕೊಟ್ಟರೆ ಉರಿಯುತ್ತೆ, ಬಿಟ್ಟರೆ ಮಿಣುಕು ಹುಳ. ಜೋರು ಮಾಡಿದರೆ ಬಲ್ಬೇ ಸುಟ್ಟುಹೋಗುತ್ತೆ, ಅಪ್ಪ ಎರಡು ಸುಟ್ಟಿದ್ದರು. ಕಬ್ಬಿನ ಸುಗ್ಗಿ. ರಸ್ತೆ ತುಂಬ ಎರಡೆರಡು ಟ್ರೇಲರ್ ಕಟ್ಟಿದ ಟ್ರ್ಯಾಕ್ಟರು, ಹಿಂದೆ ಒಂದು ಕೆಂಪು ದೀಪವೂ ಇಲ್ಲ. ತಿರುವಿನಲ್ಲಿ ವೇಗ ಇಳಿಸಿದೆ, ನನ್ನ ಲೈಟೂ ಇಳಿಯಿತು. ಎದುರಿಗೆ ಕಬ್ಬಿನ ಜಲ್ಲೆ ಕಂಡಾಗ ಹತ್ತು ಅಡಿ ಉಳಿದಿತ್ತು. ಮನೆಗೆ ಬಂದು ಗಾಡಿ ನಿಲ್ಲಿಸಿದ ಮೇಲೂ ಕೈ ನಡುಗುತ್ತಿತ್ತು. ಅವ್ವನಿಗೆ ಹೇಳಲಿಲ್ಲ, ಅಪ್ಪನಿಗೆ ಹೇಳಿದೆ. ಅವರು ಏನೂ ಮಾತಾಡಲಿಲ್ಲ. ಸ್ಟೆಂಟಿನ ಮಾತಿಗೆ ಬಗ್ಗದವರು ಇದಕ್ಕೆ ಸುಮ್ಮನಾದರು.

ಮಾರಿಬಿಡೋಣ ಅಂದೆ. ಬೆಂಗಳೂರಲ್ಲಿ ಹಳೇ ಯೆಜ್ಡಿಗೆ ಒಳ್ಳೇ ರೇಟು ಕೊಡೋರಿದ್ದಾರೆ. "ಮಾರಿ ನಿನ್ನಂಥ ಸ್ಕೂಟಿ ತಗೊಂಡ್ರ ಎರಡ ಚೀಲ ಹೊಟ್ಟು ಒಯ್ಯಾಕ ಬರತೈತೇನೋ?" ಅಲ್ಲಿಗೆ ಮುಗೀತು. ಇನ್ನೊಂದು ದಾರಿ ವಿಂಟೇಜ್ ನೋಂದಣಿ. 2021ರ ಕೇಂದ್ರ ನಿಯಮದ ಪ್ರಕಾರ ಗಾಡಿಗೆ 50 ವರ್ಷ ತುಂಬಿರಬೇಕು, ನಮ್ಮದಕ್ಕೆ 2032ಕ್ಕೆ ತುಂಬುತ್ತೆ. ತುಂಬಿದರೂ ಆ ನೋಂದಣಿ ಮಾಡಿಸಿದ ಗಾಡಿಯನ್ನು ದಿನದ ಕೆಲಸಕ್ಕೆ ಓಡಿಸೋ ಹಾಗಿಲ್ಲ. ಅಪ್ಪ ಅದನ್ನ ಕೇಳಿ ನಕ್ಕರು.

ಬ್ಯಾಟ್ರಿ ಜಾಗದಲ್ಲಿ ದೊಡ್ಡ ಕೆಪಾಸಿಟರ್ ಹಾಕೋ ಉಪಾಯವೂ ಇದೆ. 1960ರ ದಶಕದ ಬ್ರಿಟಿಷ್ ಗಾಡಿಗಳಿಗೆ ಲೂಕಾಸ್ ಕಂಪನಿ ಅಂಥದ್ದನ್ನ ಮಾಡಿತ್ತು. ಆದರೆ ಅದು ಆಲ್ಟರ್ನೇಟರ್ ಇರೋ ಗಾಡಿಗೆ ಹೊಂದೋದು, ನಮ್ಮ ಡೈನಮೋಗಲ್ಲ. 12 ವೋಲ್ಟಿನ ಎಲೆಕ್ಟ್ರಾನಿಕ್ ಕಿಟ್ಟೂ ಸಿಗುತ್ತೆ. ಖರ್ಚು ಕೇಳಿ ಅಪ್ಪ ಎದ್ದು ಹೋದರು.

ಕೊನೆಗೆ ದಾರಿ ಸಿಕ್ಕಿದ್ದು ಬೈಲಹೊಂಗಲದ ತಕ್ಕಡಿ ರಿಪೇರಿ ಅಂಗಡಿಯಲ್ಲಿ. ಕಿರಾಣಿ ಅಂಗಡಿಯ ಎಲೆಕ್ಟ್ರಾನಿಕ್ ತಕ್ಕಡಿಯೊಳಗೆ, ಎಮರ್ಜೆನ್ಸಿ ಲೈಟಿನೊಳಗೆ 6 ವೋಲ್ಟ್ 4.5 ಆಂಪಿಯರ್-ಅವರ್‌ನ ಚಿಕ್ಕ ಸೀಲ್ಡ್ ಬ್ಯಾಟ್ರಿ ಇರುತ್ತಲ್ಲ, ಅದು. ನೀರು ಹಾಕೋದು ಬೇಡ, ಹಳೇ ಡಬ್ಬಿಯಲ್ಲಿ ಆರಾಮಾಗಿ ಕೂರುತ್ತೆ. ಹಾಕಿ ಬಿಟ್ಟರೆ ಮಾತ್ರ ಮುಗಿಯಲ್ಲ. ಹಳೇ ರೆಗ್ಯುಲೇಟರ್ ಕೆಟ್ಟಿದ್ದರೆ ಡೈನಮೋ ಈ ಪುಟ್ಟ ಬ್ಯಾಟ್ರಿಗೆ ವಿಪರೀತ ಚಾರ್ಜ್ ತುಂಬಿ ಉಬ್ಬಿಸಿಬಿಡುತ್ತೆ. ಅಲ್ಲಿನ ಹಿರಿಯ ಮಿಸ್ತ್ರಿ ಆ ನೇರ ವೈರ್ ಕಿತ್ತರು, ರೆಗ್ಯುಲೇಟರಿನ ಪಾಯಿಂಟ್ ತಿಕ್ಕಿ ಹೊಂದಿಸಿದರು, ಇಗ್ನಿಷನ್ ಪಾಯಿಂಟಿನ ಗ್ಯಾಪ್ 0.4 ಮಿಲಿಮೀಟರಿಗೆ ಇಟ್ಟರು. ಮೀಟರ್ ಹಿಡಿದು, ಎಕ್ಸಲೇಟರ್ ಏರಿಸಿದಾಗಲೂ 7.2 ವೋಲ್ಟ್ ದಾಟೋದಿಲ್ಲ ಅಂತ ತೋರಿಸಿದರು. "ತಮ್ಮಾ, ಇದ ಸಣ್ಣ ಕೂಸಿನ ಹೊಟ್ಟಿ ಇದ್ದಂಗ. ಹೆಚ್ಚ ಉಣಸಬ್ಯಾಡ."

ಅಪ್ಪ ಗೇರ್ ಲಿವರನ್ನೇ ಒಳಗೆ ಒತ್ತಿ ಮೇಲಕ್ಕೆ ತಿರುಗಿಸಿದರು. ಈ ಗಾಡಿಯಲ್ಲಿ ಗೇರೂ ಅದೇ, ಕಿಕ್ಕೂ ಅದೇ. ಎರಡನೇ ಕಿಕ್ಕಿಗೆ ಚಾಲೂ ಆಯಿತು. ಲೈಟ್ ಹಾಕಿ, ಎಕ್ಸಲೇಟರ್ ಬಿಟ್ಟು, ಗ್ಯಾರೇಜಿನ ಗೋಡೆ ಮೇಲೆ ಬಿದ್ದ ಬೆಳಕನ್ನ ಸುಮಾರು ಹೊತ್ತು ನೋಡುತ್ತ ನಿಂತರು. ಆಮೇಲೆ ಹಾರ್ನ್ ಹೊಡೆದರು, ಬೇಕಿಲ್ಲದಿದ್ದರೂ ಮೂರು ಸಲ.

ಆರ್‌ಸಿ ನವೀಕರಣ ಬಾಕಿ ಇದೆ. 15 ವರ್ಷ ದಾಟಿದ ಗಾಡಿಗೆ ಐದೈದು ವರ್ಷಕ್ಕೊಮ್ಮೆ ಮಾಡಿಸಬೇಕು, ಲೈಟು, ಹಾರ್ನು, ಬ್ರೇಕು ತೋರಿಸಬೇಕು. ಬರೋ ವರ್ಷ ಬೈಲಹೊಂಗಲದ ಆರ್‌ಟಿಒಗೆ ಹೋಗೋಣ ಅಂತ ಮೊನ್ನೆ ಫೋನಿನಲ್ಲಿ ಹೇಳಿದೆ. ಅಪ್ಪ ಸ್ವಲ್ಪ ಹೊತ್ತು ಸುಮ್ಮನಿದ್ದು ಕೇಳಿದರು:

"ಅಲ್ಲಿ ಗಾಡಿ ಹಚ್ಚಾಕ ಇಳಿಜಾರು ಐತೇನು?"