ರೆಕ್ಕೆ ಕಳಚಿ ನೆಲದಲ್ಲಿ ಓಡಿದ ವಿಮಾನ

ನೆಲದ ಮೇಲಿನ ವೇಗದ ಅಧಿಕೃತ ವಿಶ್ವದಾಖಲೆ ಗಂಟೆಗೆ 1,228 ಕಿಲೋಮೀಟರ್. ಇದು ಶಬ್ದದ ವೇಗಕ್ಕಿಂತಲೂ ಹೆಚ್ಚು. ಬ್ರಿಟನ್ನಿನ ‘ಥ್ರಸ್ಟ್ ಎಸ್‌ಎಸ್‌ಸಿ’ ಎಂಬ ಜೆಟ್ ಕಾರು 1997ರ ಅಕ್ಟೋಬರ್ 15ರಂದು ಅಮೆರಿಕದ ನೆವಾಡಾದಲ್ಲಿ ಈ ಸಾಧನೆ ಮಾಡಿತು. ಅದನ್ನು ಮುರಿಯಲು ಹೊರಟವರಲ್ಲಿ ಅಮೆರಿಕದ ವಾಷಿಂಗ್ಟನ್ ರಾಜ್ಯದ ಒಂದು ತಂಡವೂ ಇತ್ತು. ಎಡ್ ಶ್ಯಾಡಲ್ ಮತ್ತು ಕೀತ್ ಜಾಂಘಿ ಎಂಬಿಬ್ಬರು ಕಟ್ಟಿದ ಆ ತಂಡದಲ್ಲಿದ್ದವರು ಸಂಬಳವಿಲ್ಲದೆ ದುಡಿಯುವ ಸ್ವಯಂಸೇವಕರು.

ಹೊಸ ವಾಹನ ಕಟ್ಟುವಷ್ಟು ಹಣ ಅವರಲ್ಲಿರಲಿಲ್ಲ. ಆದ್ದರಿಂದ ಗುಜರಿ ಸೇರಿದ್ದ ಎಫ್-104 ಸ್ಟಾರ್‌ಫೈಟರ್ ಯುದ್ಧವಿಮಾನದ ಒಡಲನ್ನು ಕೊಂಡು ತಂದರು. ಸುಮಾರು 17 ಮೀಟರ್ ಉದ್ದದ ಆ ಒಡಲಿಗೆ ರೆಕ್ಕೆಗಳ ಬದಲು ಗಾಲಿಗಳನ್ನು ಜೋಡಿಸಿ, ‘ನಾರ್ತ್ ಅಮೆರಿಕನ್ ಈಗಲ್’ ಎಂದು ಹೆಸರಿಟ್ಟರು.

ಈ ವಾಹನದಲ್ಲಿ ಎಂಜಿನ್ ಗಾಲಿಗಳನ್ನು ತಿರುಗಿಸುವುದಿಲ್ಲ. ಬಿಸಿ ಅನಿಲ ಹಿಂದಕ್ಕೆ ಚಿಮ್ಮಿದಾಗ ನ್ಯೂಟನ್ನನ ಮೂರನೆಯ ನಿಯಮದಂತೆ ವಾಹನ ಮುಂದಕ್ಕೆ ನುಗ್ಗುತ್ತದೆ. ಗಾಲಿಗಳು ತಾವಾಗಿ ಉರುಳುತ್ತವೆ. ಆದರೂ ಅತಿ ಹೆಚ್ಚಿನ ಪರೀಕ್ಷೆ ಗಾಲಿಗಳಿಗೇ. ಏಕೆ?

40 ಸೆಂಟಿಮೀಟರ್ ತ್ರಿಜ್ಯದ ಒಂದು ಗಾಲಿಯನ್ನು ಊಹಿಸಿಕೊಳ್ಳಿ. ವಾಹನ ಗಂಟೆಗೆ 60 ಕಿ.ಮೀ. ವೇಗದಲ್ಲಿ ಓಡುವಾಗ, ಗಾಲಿಯ ಅಂಚಿನಲ್ಲಿರುವ ಒಂದು ಗ್ರಾಂ ದ್ರವ್ಯವನ್ನು ಸಿಡಿದು ಹೋಗದಂತೆ ಹಿಡಿದಿಡಲು ಸುಮಾರು 70 ಗ್ರಾಂ ತೂಕದಷ್ಟು ಕೇಂದ್ರಾಭಿಮುಖ ಬಲ ಬೇಕು. ಈ ಬಲ ವೇಗದ ವರ್ಗಕ್ಕೆ ಅನುಗುಣವಾಗಿ ಏರುತ್ತದೆ. ವೇಗ 840 ಕಿ.ಮೀ. ಆದರೆ, ಅಂದರೆ 14 ಪಟ್ಟಾದರೆ, ಬಲ 196 ಪಟ್ಟಾಗುತ್ತದೆ. ಆ ಒಂದು ಗ್ರಾಂ ಈಗ ಸುಮಾರು 14 ಕಿಲೋಗ್ರಾಂನಷ್ಟು ಜಗ್ಗುತ್ತದೆ! ರಬ್ಬರ್ ಟೈರು ಇದನ್ನು ತಾಳಲಾರದು. ಈಗಲ್‌ನ ಗಾಲಿಗಳು ಗಟ್ಟಿ ಅಲ್ಯೂಮಿನಿಯಮ್ಮಿನವು. ಅವುಗಳಲ್ಲಿಯೂ ಕೂದಲೆಳೆಯಷ್ಟು ಬಿರುಕು ಮುಳುವಾಗಬಲ್ಲುದು.

ಆದ್ದರಿಂದಲೇ ಇಂಥ ವಾಹನದ ಓಟ ಕೆಲವೇ ನಿಮಿಷಗಳದ್ದಾದರೆ ಆರೈಕೆ ಹಲವು ದಿನಗಳದ್ದು. ಗಾಲಿಗಳ ಪರೀಕ್ಷೆ, ಕೊಳವೆಗಳ ಸೋರಿಕೆಯ ತಪಾಸಣೆ, ವೇಗ ತಗ್ಗಿಸುವ ಪ್ಯಾರಾಚೂಟ್‌ಗಳನ್ನು ಮಡಚುವುದು—ಎಲ್ಲವೂ ಕಣ್ಣು ಮತ್ತು ಕೈಯ ಕೆಲಸ. ಈಗಲ್‌ನ ಜೆ-79 ಎಂಜಿನ್ನಿನ ಸಂಪೀಡಕದಲ್ಲಿ ಅಲಗುಗಳ 17 ಹಂತಗಳಿವೆ. ಅದು ಒಂದು ಸಣ್ಣ ಕಲ್ಲನ್ನು ಒಳಗೆಳೆದುಕೊಂಡರೂ ಅಲಗುಗಳಿಗೆ ಅಪಾಯ. ದಾಖಲೆಯ ನಿಯಮವೂ ಕಠಿಣ. ಒಂದು ಗಂಟೆಯೊಳಗೆ ಎರಡು ದಿಕ್ಕಿನಲ್ಲೂ ಓಡಿ ಸರಾಸರಿ ತೋರಿಸಬೇಕು. ಎರಡು ಓಟಗಳ ನಡುವಿನ ಅಲ್ಪಾವಧಿಯಲ್ಲಿ ಇಂಧನ ತುಂಬಿ, ಎಲ್ಲವನ್ನೂ ಮತ್ತೆ ಪರೀಕ್ಷಿಸಬೇಕು.

ಶ್ಯಾಡಲ್ 2018ರಲ್ಲಿ ತೀರಿಕೊಂಡರು. ತಂಡ ಕೆಲಸ ನಿಲ್ಲಿಸಲಿಲ್ಲ. 2019ರ ಆಗಸ್ಟ್ 27ರಂದು ಆರಿಗನ್ ರಾಜ್ಯದ ಆಲ್ವರ್ಡ್ ಮರುಭೂಮಿಯಲ್ಲಿ ಜೆಸ್ಸಿ ಕೋಂಬ್ಸ್ ಚಾಲಕಿಯ ಆಸನದಲ್ಲಿದ್ದರು. ಆಕೆ ಬೆಸುಗೆ ಕೆಲಸದಲ್ಲಿ ನುರಿತವರು, ವಯಸ್ಸು 39. ಗಂಟೆಗೆ ಸುಮಾರು 885 ಕಿ.ಮೀ. ವೇಗದಲ್ಲಿದ್ದಾಗ ಮುಂಗಾಲಿ ಮುರಿದು ಬಿತ್ತು. ಜೆಸ್ಸಿ ಅಪಘಾತದಲ್ಲಿ ಮಡಿದರು. ನೆಲದ ಮೇಲಿದ್ದ ಯಾವುದೋ ವಸ್ತು ಗಾಲಿಗೆ ಬಡಿದಿರಬೇಕು ಎಂಬುದು ತನಿಖೆಯ ತೀರ್ಮಾನ.

2020ರಲ್ಲಿ ಗಿನ್ನೆಸ್ ಸಂಸ್ಥೆ ಆಕೆಯ 841.338 ಕಿ.ಮೀ. ವೇಗವನ್ನು ಮಹಿಳೆಯರ ದಾಖಲೆಯೆಂದು ಮಾನ್ಯ ಮಾಡಿತು. ಅದೇ ಮರುಭೂಮಿಯಲ್ಲಿ 1976ರಲ್ಲಿ ಕಿಟ್ಟಿ ಓ’ನೀಲ್ ಸ್ಥಾಪಿಸಿದ್ದ ದಾಖಲೆ ಹೀಗೆ ಮುರಿಯಿತು. ಆದರೆ ಈಗಲ್ ಮತ್ತೆ ಓಡಲಿಲ್ಲ.

ವೇಗದ ವರ್ಗದ ನಿಯಮ ಮರುಭೂಮಿಗಷ್ಟೇ ಮೀಸಲಲ್ಲ. ಸ್ಕೂಟರಿನ ವೇಗವನ್ನು 30ರಿಂದ 60ಕ್ಕೆ ಏರಿಸಿದಾಗ ಗಾಲಿಯ ಅಂಚಿನ ಮೇಲಿನ ಬಲ ಎಷ್ಟು ಪಟ್ಟಾಗುತ್ತದೆ? ಮಕ್ಕಳು ಲೆಕ್ಕ ಮಾಡಲಿ. ಹಿರಿಯರು ಅಷ್ಟರಲ್ಲಿ ಮನೆಯ ಸ್ಕೂಟರಿನ ಟೈರು ಎಷ್ಟು ಸವೆದಿದೆಯೆಂದು ಒಮ್ಮೆ ನೋಡಿ ಬರಲಿ.