ಬಣ್ಣವು ಅರ್ಥವನ್ನು ಹೇಳಲಿ

ಗಣಕಯಂತ್ರಕ್ಕೆ ಕೊಡುವ ಆದೇಶಗಳನ್ನು ತೆರೆಯ ಮೇಲೆ ಬರೆಯುವಾಗ ಒಂದೊಂದು ಜಾತಿಯ ಪದಕ್ಕೆ ಒಂದೊಂದು ಬಣ್ಣ ಕೊಡುವ ಪದ್ಧತಿ ಇಂದು ಎಲ್ಲೆಡೆಯೂ ರೂಢಿಯಲ್ಲಿದೆ. ಸಂಖ್ಯೆಗೆ ಒಂದು ಬಣ್ಣ, ಕ್ರಿಯೆಗೆ ಇನ್ನೊಂದು, ಯಂತ್ರವು ಓದದೆ ಬಿಡುವ ಟಿಪ್ಪಣಿಗೆ ಮಾಸಲು ಬಣ್ಣ. ಇದನ್ನು ಅಲಂಕಾರವೆಂದು ಭಾವಿಸುವವರೇ ಹೆಚ್ಚು. ನಮ್ಮ ಅಭಿಪ್ರಾಯದಲ್ಲಿ ಇದೊಂದು ವ್ಯಾಖ್ಯಾನ. ವ್ಯಾಖ್ಯಾನವು ತಪ್ಪಾದರೆ ಮೂಲವನ್ನು ಓದುವವನು ದಾರಿ ತಪ್ಪುತ್ತಾನೆ.

‘ಕ್ಯೂ’ ಎಂಬ ಭಾಷೆಯ ವಿಷಯದಲ್ಲಿ ಈ ಮಾತು ವಿಶೇಷವಾಗಿ ಸತ್ಯ. ಕೆನಡಾ ದೇಶದ ಕೆನೆತ್ ಐವರ್ಸನ್ ಅವರು, ಸಂಖ್ಯೆಗಳ ಇಡೀ ಸಾಲನ್ನು ಒಂದೇ ವಸ್ತುವೆಂದು ಎಣಿಸುವ ಸಂಕೇತಪದ್ಧತಿಯೊಂದನ್ನು 1962ರಲ್ಲಿ ಗ್ರಂಥರೂಪದಲ್ಲಿ ಪ್ರಕಟಿಸಿದರು. ಅದೇ ಎ.ಪಿ.ಎಲ್. ಭಾಷೆಯಾಯಿತು, 1979ರಲ್ಲಿ ಅವರಿಗೆ ಟ್ಯೂರಿಂಗ್ ಪ್ರಶಸ್ತಿ ದೊರೆಯಿತು. ಆ ಪರಂಪರೆಯಲ್ಲಿ ಬಂದ ಆರ್ಥರ್ ವಿಟ್ನಿ ಅವರು 1993ರಲ್ಲಿ ‘ಕೆ’ ಭಾಷೆಯನ್ನೂ, 2003ರಲ್ಲಿ ಕೆಡಿಬಿ ಪ್ಲಸ್ ಎಂಬ ದತ್ತಾಂಶ ಭಂಡಾರದೊಡನೆ ‘ಕ್ಯೂ’ ಭಾಷೆಯನ್ನೂ ಹೊರತಂದರು. ಷೇರುಪೇಟೆಯ ಕ್ಷಣಕ್ಷಣದ ಬೆಲೆಗಳನ್ನು ಪರಿಶೀಲಿಸಲು ದೊಡ್ಡ ಬ್ಯಾಂಕುಗಳು ಇದನ್ನು ಬಳಸುತ್ತವೆ. ಲಕ್ಷ ಬೆಲೆಗಳ ಅಂಕಣವನ್ನು ಇಮ್ಮಡಿಸಲು ಇಲ್ಲಿ ಒಂದೇ ಗುಣಾಕಾರ ಚಿಹ್ನೆ ಸಾಕು.

ಬರಹವು ಇಷ್ಟು ಸಂಕ್ಷಿಪ್ತವಾದಾಗ ಒಂದೊಂದು ಚಿಹ್ನೆಯೂ ಹಲವು ಕೆಲಸಗಳನ್ನು ಹೊರಬೇಕಾಗುತ್ತದೆ. 5-3 ಎಂದು ಬರೆದರೆ ಉತ್ತರ 2. 5 -3 ಎಂದು ನಡುವೆ ತೆರಪು ಬಿಟ್ಟರೆ ಅದು ವ್ಯವಕಲನವೇ ಅಲ್ಲ. ಐದು ಮತ್ತು ಋಣ ಮೂರು ಎಂಬ ಎರಡು ಸಂಖ್ಯೆಗಳ ಸಾಲು. ಎರಡೂ ಕಡೆ ತೆರಪು ಬಿಟ್ಟರೆ ಮತ್ತೆ ಉತ್ತರ 2. ಓರೆಗೆರೆಯ ಕಥೆಯೂ ಹೀಗೆಯೇ. (+/) 1 2 3 ಎಂಬಲ್ಲಿ ಅದು ಕೂಡುವ ಕ್ರಿಯೆಯನ್ನು ಸಾಲಿನುದ್ದಕ್ಕೂ ಹಬ್ಬಿಸಿ 6 ಎಂಬ ಮೊತ್ತವನ್ನು ಕೊಡುತ್ತದೆ. ಅದರ ಹಿಂದೆ ತೆರಪು ಬಿಟ್ಟರೆ ಅಲ್ಲಿಂದ ಸಾಲಿನ ಕೊನೆಯವರೆಗೆ ಎಲ್ಲವೂ ಟಿಪ್ಪಣಿ. ‘ಕಾಡಿಗೆ ಹೋದಳು’, ‘ಕಾಡಿಗೆ ಹಚ್ಚಿದಳು’ ಎಂಬೆರಡು ವಾಕ್ಯಗಳಲ್ಲಿ ‘ಕಾಡಿಗೆ’ ಎಂಬ ಅಕ್ಷರಗಳು ಒಂದೇ ಆದರೂ ಪದ ಬೇರೆಯೆಂಬುದನ್ನು ವಾಚಕರು ಬಲ್ಲರು. ಅಕ್ಷರಗಳನ್ನು ಮಾತ್ರ ನೋಡುವವನಿಗೆ ಆ ಭೇದ ತೋರದು.

ಬಣ್ಣ ಹಚ್ಚುವ ಸಾಧನಗಳಲ್ಲಿ ಅನೇಕವು ಅಕ್ಷರಗಳನ್ನು ಮಾತ್ರ ನೋಡುವ ಜಾತಿಯವು. ಬೇರೆ ಭಾಷೆಗಳಿಗೆಂದು ಮಾಡಿದ ಸೂತ್ರಗಳನ್ನು ಸ್ವಲ್ಪ ತಿದ್ದಿ ಇಲ್ಲಿಗೆ ತಂದರೆ ಅವು ಸೋಲುತ್ತವೆ. ಟಿಪ್ಪಣಿಯಾಗಿ ಸತ್ತುಬಿದ್ದ ಆದೇಶವು ಜೀವಂತವಾಗಿ ಹೊಳೆಯಬಹುದು. 5 -3 ಎಂಬುದು ವ್ಯಾಕರಣಶುದ್ಧವಾದುದರಿಂದ ಯಂತ್ರವೂ ದೋಷವೆಂದು ಕೂಗುವುದಿಲ್ಲ. ತಪ್ಪು ಲೆಕ್ಕವು ಸದ್ದಿಲ್ಲದೆ ಮುಂದೆ ಸಾಗುತ್ತದೆ. ತಪ್ಪು ಅಂಕಗಳನ್ನು ಕೊರೆದ ಉಷ್ಣಮಾಪಕಕ್ಕಿಂತ ಉಷ್ಣಮಾಪಕವಿಲ್ಲದಿರುವುದೇ ಮೇಲು.

ಹಾಗಾದರೆ ಬಣ್ಣವೇ ಬೇಡವೆನ್ನುವ ನುರಿತವರೂ ಉಂಟು. 1960ರ ದಶಕದಲ್ಲಿ ಎ.ಪಿ.ಎಲ್. ಬಳಸಿದವರು ಬೆರಳಚ್ಚುಯಂತ್ರದ ಒಂದೇ ಬಣ್ಣದ ಬರಹದಲ್ಲಿ ಓದಿ ಚೆನ್ನಾಗಿಯೇ ಯೋಚಿಸಿದರೆಂಬುದು ಅವರ ವಾದ. ಅದು ನಿಜ. ಬಣ್ಣವು ಕಲಿಕೆಗೆ ಬದಲಾಗಲಾರದೆಂಬುದನ್ನೂ ನಾವು ಒಪ್ಪುತ್ತೇವೆ. 2*3+4 ಎಂಬುದಕ್ಕೆ ಶಾಲೆಯ ಗಣಿತದಲ್ಲಿ 10 ಬಂದರೆ, ಬಲದಿಂದ ಎಡಕ್ಕೆ ಲೆಕ್ಕ ಮಾಡುವ ‘ಕ್ಯೂ’ದಲ್ಲಿ 14 ಬರುತ್ತದೆ, ಚಿಹ್ನೆಗಳಿಗೆ ಎಷ್ಟೇ ಬಣ್ಣ ಬಳಿದರೂ ಆ ನಿಯಮವು ತಾನಾಗಿ ತಿಳಿಯದು. ಆದರೆ ಇತರರು ಬರೆದುದನ್ನು ಪರೀಕ್ಷಿಸಬೇಕಾದವನಿಗೆ ಒಂದು ತೆರಪಿನ ಭೇದವನ್ನು ಎತ್ತಿ ತೋರಿಸುವುದು ಅಲ್ಪ ಉಪಕಾರವೇನಲ್ಲ.

ಆದಕಾರಣ ನಮ್ಮ ಸಲಹೆ ಇಷ್ಟು. ಬಣ್ಣವನ್ನು ಅಕ್ಷರದ ಆಕಾರದಿಂದಲ್ಲದೆ ಭಾಷೆಯ ಪದವಿಭಾಗದಿಂದಲೇ ನಿರ್ಣಯಿಸಬೇಕು. ಬಣ್ಣಗಳು ಕೆಲವೇ ಇರಲಿ. ಕೆಂಪು ಹಸಿರುಗಳ ಭೇದ ಕಾಣದ ಕಣ್ಣುಗಳೂ ಇರುವುದರಿಂದ, ಟಿಪ್ಪಣಿಯನ್ನು ಬಣ್ಣದಿಂದ ಮಾತ್ರವಲ್ಲದೆ ಕಾಂತಿಯ ತಗ್ಗಿನಿಂದಲೂ ಗುರುತಿಸಬೇಕು. ಇಂಥ ಸಾಧನವನ್ನು ಕೊಳ್ಳುವ ಮುನ್ನ 5-3, 5 -3, 5 - 3 ಎಂಬ ಮೂರು ಸಾಲುಗಳನ್ನು ಅದಕ್ಕೆ ತೋರಿಸಿರಿ. ಮೂರಕ್ಕೂ ಒಂದೇ ರೀತಿ ಬಣ್ಣ ಬಳಿದರೆ, ಆ ಸಾಧನಕ್ಕೆ ‘ಕ್ಯೂ’ ಭಾಷೆ ಬಾರದೆಂದೇ ತಿಳಿಯಬೇಕು.